ಭಾನುವಾರ ಬೆಳಗ್ಗೆ ಬರೋ ಬಡಗಿ

ಮನೆ ಹಿಂದೆ ಕಾಡಿದೆ ಅಂತ ಆಸೆಪಟ್ಟು ನಾರ್ತ್ ಕ್ಯಾರೊಲಿನಾದಲ್ಲಿ ಮನೆ ತಗೊಂಡಿದ್ದು ನಾನೇ, ಯಾರನ್ನೂ ಬೈಯೋ ಹಂಗಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳೂ ಆಗಿಲ್ಲ, ತಲೆ ಮೇಲೇ ಡ್ರಿಲ್ ಹೊಡೆದಂಗೆ ಸೌಂಡು. ಊರಿಂದ ಬಂದಿದ್ದ ಅಮ್ಮ "ಯಾರೋ ಬಾಗ್ಲು ಬಡೀತಿದಾರೆ ನೋಡೋ" ಅಂದ್ಲು. ನಾನು ಪಕ್ಕದ ಮನೆಯವನೇ ರಿಪೇರಿ ಶುರು ಹಚ್ಕೊಂಡಿದಾನೆ ಅಂದ್ಕೊಂಡು ಲುಂಗೀಲೇ ಬೇಲಿ ಹತ್ರ ಹೋಗಿ ಒಂದೆರಡು ಮಾತು ಆಡೇಬಿಟ್ಟೆ, ಆತ ಪಾಪ ಕಾಫಿ ಕಪ್ ಹಿಡ್ಕೊಂಡು ಏನೂ ಮಾತಾಡದೆ ನಮ್ಮನೆ ಚಿಮಣಿ ಕಡೆ ಕೈ ತೋರಿಸ್ದ.

ಚಿಮಣಿ ತಗಡಿನ ಮೇಲೆ ಕಾಗೆ ಗಾತ್ರದ ಕರೀ ಹಕ್ಕಿ. ಕೆಂಪು ಜುಟ್ಟು, ಕೊಕ್ಕಿಂದ ಕುತ್ತಿಗೆವರೆಗೂ ಬಿಳಿ ಪಟ್ಟೆ. ಹುಳಕ್ಕಾಗಿ ಕುಟ್ತಿದ್ದಿದ್ದಲ್ಲ, ಈ ಏರಿಯಾ ನಂದು ಅಂತ ಡಂಗುರ, ಮರಕ್ಕಿಂತ ತಗಡು ಚೆನ್ನಾಗಿ ಕೇಳ್ಸುತ್ತಲ್ಲ.

ಫೋನಲ್ಲಿ ಹುಡುಕಿದ್ರೆ ಐವರಿ ಬಿಲ್ಡ್ ವುಡ್‌ಪೆಕರ್ ಅನ್ನೋ ಮರಕುಟಿಗದ ಫೋಟೋ ಬಂತು, ಎಲ್ರೂ ಒಪ್ಪೋ ಹಂಗೆ ಅದು ಕೊನೇಗೆ ಕಂಡಿದ್ದು 1944ರಲ್ಲಿ, ಲೂಸಿಯಾನಾದಲ್ಲಂತೆ. ತಡೀಲಿಲ್ಲ ನಂಗೆ, ಅದೇ ಹಕ್ಕಿ ನಮ್ಮನೆ ಚಿಮಣಿ ಮೇಲೆ ಅಂತ ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕೇಬಿಟ್ಟೆ. ಹತ್ತೇ ನಿಮಿಷಕ್ಕೆ ಹಕ್ಕಿ ಹುಚ್ಚಿರೋ ಹಿರಿಯರೊಬ್ರ ಫೋನು.

"ರೀ, ಕೊಕ್ಕು ಯಾವ ಬಣ್ಣ?"

"ಕಪ್ಪು ಸರ್."

"ಮತ್ತೆ ಐವರಿ ಹೆಂಗಾಗುತ್ರೀ? ಅದರ ಕೊಕ್ಕೇ ದಂತದ ಬಣ್ಣ, ಕೂತ್ರೆ ಬೆನ್ನ ಕೆಳಗೆ ದೊಡ್ಡ ಬಿಳಿ ಮಚ್ಚೆ. ನಿಮ್ದಕ್ಕೆ ಬೆನ್ನು ಪೂರ್ತಿ ಕಪ್ಪಲ್ವಾ? ಅದು ಪೈಲಿಯೇಟೆಡ್ ಅನ್ನೋ ಬೇರೆ ಮರಕುಟಿಗ. ಹಾರುವಾಗ ರೆಕ್ಕೆ ಅಡಿ ನೋಡಿ, ಮುಂದಿನ ಭಾಗ ಬಿಳಿ ಇರುತ್ತೆ. ಕೆಂಪು ಮೀಸೆ ಇದ್ರೆ ಗಂಡು, ಕರೀ ಮೀಸೆ ಇದ್ರೆ ಹೆಣ್ಣು."

ಹಿತ್ತಲ ಒಣ ಪೈನ್ ಮರದಲ್ಲಿ ಉಳಿ ಹಾಕಿ ಕೆತ್ತಿದಂಗೆ ಆಯತಾಕಾರದ ತೂತುಗಳಿದ್ವು, ಹಳೇ ಓನರ್ ಮಕ್ಕಳ ಕೆಲಸ ಅಂದ್ಕೊಂಡಿದ್ದೆ, ಅದೂ ಇದರದ್ದೇ, ಮರದೊಳಗಿನ ದೊಡ್ಡ ಕರೀ ಇರುವೆಗೋಸ್ಕರ! ಅಮ್ಮಂಗೆ ತೋರಿಸಿದ್ರೆ "ಅಯ್ಯೋ, ನಮ್ಮ ದಾಂಡೇಲಿ ಕಾಡಲ್ಲೂ ಹಿಂಗೇ ಒಂದು ಮರಕುಟಿಗ ಇದೆಯಲ್ಲೋ, ಹೊಟ್ಟೆ ಬಿಳೀದು ಅಷ್ಟೇ" ಅಂತ ದೋಸೆ ಮಗುಚೋಕೆ ಹೋದ್ಲು. ನಿಜಾನೇ, ಎರಡೂ ಒಂದೇ ಕುಲದವು. ಬೆಳಗ್ಗೇನೇ ಹೇಳ್ಬಾರ್ದಿತ್ತಾ?

ಕೊಲ್ಲೋಕೆ ಮನಸ್ಸೂ ಇಲ್ಲ, 1918ರಿಂದ ಇಲ್ಲಿನ ಹಕ್ಕಿ ರಕ್ಷಣೆ ಕಾನೂನೂ ಬಿಡಲ್ಲ. ನಮ್ಮ ಮದುವೆ ವಿಡಿಯೋದ ಹಳೇ ಸಿಡಿಗಳನ್ನ ಚಿಮಣಿಗೆ ದಾರ ಕಟ್ಟಿ ನೇತು ಹಾಕ್ದೆ, ಹೆಂಡ್ತಿ ಎರಡು ದಿನ ಮಾತಾಡ್ಲಿಲ್ಲ, ಹಕ್ಕಿ ಮಾತ್ರ ಪಕ್ಕದ ಮನೆ ಗಟರ್‌ಗೆ ಶಿಫ್ಟ್ ಆಯ್ತು. ಈಗ ಭಾನುವಾರ ಬೆಳಗ್ಗೆ ಬೇಲಿ ಹತ್ರ ಬಂದು ನಿಲ್ಲೋದು ಆತ.