ಹಳೇ ಗ್ವಾಡಿಯಿಂದ ಎರಡು ಬೆರಳು ದೂರ

ಮೊಣಕಾಲು ನೋವು ಹೆಚ್ಚಾದ ಮೇಲೆ ಅವ್ವನಿಗೆ ರಾತ್ರಿ ಹಿತ್ತಲ ದಾಟಿ ಹೋಗುವುದು ಆಗದಾಯಿತು. ಕಮೋಡ್ ಇರುವ ಬಚ್ಚಲ, ಅದಕ್ಕೆ ಹೊಂದಿಕೊಂಡು ಒಂದು ಕೋಣೆ, ಬೇಕಿದ್ದದ್ದು ಇಷ್ಟೇ. ಗದಗಿನ ಹತ್ತಿರದ ನಮ್ಮೂರಲ್ಲಿ ಮುತ್ತಜ್ಜ ಕಟ್ಟಿಸಿದ ಮಾಳಿಗೆ ಮನೆ, ಅಂದರೆ ಮೇಲೆ ಮಣ್ಣಿನ ಚಾವಣಿಯ ಮನೆ ನಮ್ಮದು. ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗ್ವಾಡಿ (ಗೋಡೆ), ಸಾಗವಾನಿ ಕಂಬ, ತೊಲೆ, ಜಂತಿ. ನೋಡಲು ಬಂದ ಗೌಂಡಿ (ಮನೆ ಕಟ್ಟುವ ಮೇಸ್ತ್ರಿ) ಪಡಸಾಲೆಯಲ್ಲಿ ನಿಂತು, "ಅಣ್ಣಾರ, ಇದನ್ನೆಲ್ಲಾ ಕೆಡವಿ ಬಿಡ್ರಿ. ಪಿಲ್ಲರ್ ಎಬ್ಬಿಸಿ ಸ್ಲ್ಯಾಬ್ ಹಾಕೂಣು" ಅಂದ. ಅವ್ವ ಒಳಗಿಂದಲೇ ಕೇಳಿದಳು: "ತಮ್ಮಾ, ನಾ ಕೇಳಿದ್ದು ಒಂದು ಬಚ್ಚಲ. ಮನಿ ಯಾಕ ಕೆಡವಬೇಕು?"

2019ರ ಆಗಸ್ಟ್ ಮಳೆಗೆ ನಮ್ಮ ಭಾಗದಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅಂದಿನಿಂದ ಜನಕ್ಕೆ ಅಂಜಿಕೆ, ಅದು ಸುಳ್ಳಲ್ಲ. ಆದರೆ ಮಣ್ಣಿನ ಗ್ವಾಡಿಯನ್ನು ಕೆಡಿಸುವುದು ಒಳಗೆ ಸೇರಿ ಹೊರಬರಲಾಗದ ನೀರು. ಅಪ್ಪ ಅಂಗಳದ ಕಡೆಯ ಗ್ವಾಡಿಗೆ ಗಟ್ಟಿಯಾಗಲೆಂದು ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಮಾಡಿಸಿದ್ದ. ಈಗ ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು. ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ನಿಂತಿದ್ದ ಒಂದು ಚಕ್ಕೆ ಎಬ್ಬಿಸಿದೆ, ಹಿಂದಿನ ಮಣ್ಣು ಬೆರಳಿಗೆ ಅಂಟುವಷ್ಟು ಹಸಿ! ನಾಲ್ಕು ಹೆಜ್ಜೆ ಆಚೆ, ಬರೀ ಸುಣ್ಣ ಬಳಿದ ಗ್ವಾಡಿ ಒಣಗಿ ಗಟ್ಟಿಯಾಗಿತ್ತು. ಸುಣ್ಣ ಹಸಿಯನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ.

ಇನ್ನು ನಮ್ಮ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಹಳೆ ಗ್ವಾಡಿ ಇಷ್ಟು ವರ್ಷ ಅದರ ಜೊತೆ ಕುಂತು ಹದವಾಗಿದೆ. ಹೊಸ ಪಾಯ ಇನ್ನೂ ಇಳಿಯಬೇಕು. ಎರಡನ್ನೂ ಬೆಸೆದರೆ ಹೊಸದು ಇಳಿಯುವಾಗ ಹಳೆಯದನ್ನು ಸೀಳುತ್ತದೆ. ಅದಕ್ಕೇ ಹೊಸ ಕೋಣೆಯನ್ನು ಹಿತ್ತಲಲ್ಲಿ ಎರಡು ಬೆರಳು ಸಂದು ಬಿಟ್ಟು ಕಟ್ಟಿಸಿದೆವು, ಸಂದಿಗೆ ಮೇಲೊಂದು ತಗಡಿನ ಹೊದಿಕೆ. ಹಳೆ ಗ್ವಾಡಿಯಲ್ಲಿ ಹೊಸ ಬಾಗಿಲು ಕೊರೆಯಲಿಲ್ಲ, ಹಿತ್ತಲ ಬಾಗಿಲೇ ದಾರಿ. ನೀರಿನ ಒಂದು ಪೈಪೂ ಮಣ್ಣಿನ ಗ್ವಾಡಿಯೊಳಗೆ ಹೋಗಬಾರದು ಎಂದು ಹಟ ಹಿಡಿದೆ. ಆ ಒಂದು ವಿಷಯಕ್ಕೆ ಗೌಂಡಿಯ ಜೊತೆ ಮೂರು ದಿನ ವಾದವಾಯಿತು.

ಹೊಸ ಕೋಣೆ ಸರಳ: ಇಟ್ಟಿಗೆ, ಸ್ಲ್ಯಾಬು, ದೊಡ್ಡ ಕಿಟಕಿ. ಕಾಕಾಗೆ ಸಮಾಧಾನವಿಲ್ಲ. "ಕಲ್ಲಿನ ಟೈಲ್ಸ್ ಹಚ್ಚಿಸು, ಹಳೇ ಮನಿ ಹಂಗ ಕಾಣ್ತದ" ಅನ್ನುತ್ತಾರೆ. ಬೇಡ ಎಂದೆ. ಗದಗಿನ ವೀರನಾರಾಯಣ ಗುಡಿಯನ್ನೇ ನೋಡಿ. ಗರ್ಭಗುಡಿ ಚಾಲುಕ್ಯ ಶೈಲಿ, ಗರುಡಗಂಬ, ರಂಗಮಂಟಪ ಹೊಯ್ಸಳ ಶೈಲಿ, ಗೋಪುರ ವಿಜಯನಗರದ್ದು. ಆಮೇಲೆ ಬಂದವರು ಹಳೆಯದನ್ನು ಉಳಿಸಿಕೊಂಡು, ತಮ್ಮದನ್ನು ತಮ್ಮ ಕಾಲದ ರೀತಿಯಲ್ಲೇ ಕಟ್ಟಿದರು. ನಮ್ಮ ಕೋಣೆಯೂ ನಮ್ಮ ಕಾಲದ್ದೆಂದೇ ಕಾಣಲಿ.

ಅವ್ವ ಈಗ ರಾತ್ರಿ ಯಾರನ್ನೂ ಎಬ್ಬಿಸದೆ, ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ಆ ಕಡೆ ಹೋಗಿ ಬರುತ್ತಾಳೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಂತೆ ಮೇಲೆ ಸವಳು ಮಣ್ಣು ಹಾಕಿಸಬೇಕು, ಅಂಗಳದ ಕಡೆಯ ಗ್ವಾಡಿಯ ಸಿಮೆಂಟ್ ಪೂರ್ತಿ ಕಿತ್ತಿಸಿ ಸುಣ್ಣದ ಗಿಲಾವ್ ಮಾಡಿಸಬೇಕು. ಗದಗ, ರೋಣ, ಮುಂಡರಗಿ ಕಡೆ ಈ ಕೆಲಸ ಬಲ್ಲ ಹಿರಿಯ ಗೌಂಡಿಗಳಿದ್ದರೆ ದಯವಿಟ್ಟು ತಿಳಿಸಿ.