ನಲವತ್ತು ಪರ್ಸೆಂಟ್ ಮಳೆ

ಕಾರ್ ರೇಸಿನ ಟಿಕೆಟ್ ತಗೊಂಡಾಗಿದೆ. ದುಡ್ಡು ಕಾರ್ಡಿನಿಂದ ಹೋಗಿದೆ. ವಾಪಸ್ ಕೊಡೋ ಮಾತೇ ಇಲ್ಲ. ಆದರೂ ಇವತ್ತು ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಫೋನ್ ಕುಂಯ್ ಅಂದಿತು. ನಮ್ಮ ಷಡ್ಡಕರ ಸ್ಕ್ರೀನ್‌ಶಾಟ್. ಭಾನುವಾರ ಸಂಜೆ ಆರಕ್ಕೆ 40%, ಏಳಕ್ಕೆ 45%, ಎಂಟಕ್ಕೆ ಮೋಡದ ಚಿತ್ರದೊಳಗೆ ಒಂದು ಮಿಂಚು. ಕೆಳಗೆ ಒಂದೇ ಮಾತು: "ಏನ್ಮಾಡೋಣ?"

ಏನ್ಮಾಡೋಣ ಅಂದ್ರೆ? ಮೋಡಕ್ಕೆ ಫೋನ್ ಮಾಡಿ ಸೋಮವಾರ ಬಾ ಅನ್ನೋಣವೇ?

ನಾವಿರುವುದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ನಾಸ್ಕಾರ್ ಅನ್ನುವ ಅಮೆರಿಕದ ಕಾರ್ ರೇಸಿನ ತವರು ಅಂತಲೇ ಹೇಳಬೇಕು. ಹೆಚ್ಚಿನ ತಂಡಗಳ ಗ್ಯಾರೇಜು ಇಲ್ಲೇ ಸುತ್ತಮುತ್ತ ಇವೆ. ಊರ ನಡುವೆ ನಾಸ್ಕಾರ್ ಹಾಲ್ ಆಫ್ ಫೇಮ್ ಇದೆ. ಪಕ್ಕದ ಕಾಂಕರ್ಡ್‌ನಲ್ಲಿ ಒಂದೂವರೆ ಮೈಲಿಯ ಟ್ರ್ಯಾಕು. ಮೇ ಕೊನೆಯಲ್ಲಿ, ಮೆಮೋರಿಯಲ್ ಡೇ ಹಿಂದಿನ ಭಾನುವಾರ ಅಲ್ಲಿ ಕೋಕಾ-ಕೋಲಾ 600 ನಡೆಯುತ್ತದೆ. 1960ರಿಂದ ನಡೆದುಬಂದ ರೇಸು. 400 ಸುತ್ತು, 600 ಮೈಲಿ. ನಾಸ್ಕಾರ್‌ನಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ. ಇಷ್ಟು ವರ್ಷ ನಮಗೆ ಇದರ ಪರಿಚಯ ಇದ್ದದ್ದು ಟ್ರಾಫಿಕ್ ಜಾಮ್ ರೂಪದಲ್ಲಿ ಮಾತ್ರ. "ಆ ಭಾನುವಾರ ಐ-85 ಹೆದ್ದಾರಿ ಕಡೆ ತಲೆ ಹಾಕಬೇಡಿ" ಅಂತ ಹೊಸದಾಗಿ ಬಂದವರಿಗೆ ನಾವೇ ಹೇಳಿಕೊಡುತ್ತಿದ್ದೆವು.

ಈ ವರ್ಷ ಮಾವನವರು, ಅತ್ತೆ ಕುಂದಾಪುರದಿಂದ ಬಂದಿದ್ದಾರೆ. ಅವರಿಗೆ ನಯಾಗರ ತೋರಿಸಿ ಆಯ್ತು, ದೇವಸ್ಥಾನ ತೋರಿಸಿ ಆಯ್ತು, ಕಾಸ್ಟ್‌ಕೋ ಅಂಗಡಿ ತೋರಿಸಿ ಆಯ್ತು. ಇನ್ನೇನು ತೋರಿಸೋದು ಅಂತ ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಒಂದು ಮಧ್ಯಾಹ್ನ ಮಗ ಟಿವಿಯಲ್ಲಿ ರೇಸ್ ಹಾಕಿದ. ಮೊಬೈಲಿನಲ್ಲಿ ಊರಿನ ಪೇಪರ್ ಓದುತ್ತಿದ್ದ ಮಾವನವರು ಕನ್ನಡಕ ಸರಿಮಾಡಿಕೊಂಡು ಟಿವಿ ಹತ್ತಿರ ಹೋದರು.

"ಎಂತ ಮಾರಾಯ್ರೆ, ಇದು ನಿಮ್ಮ ಕಾರೇ ಅಲ್ವಾ?"

ಟೊಯೋಟಾ ಕ್ಯಾಮ್ರಿ. ನಮ್ಮ ಮನೆ ಮುಂದೆ ನಿಂತಿರುವುದೂ ಅದೇ. ಆದರೆ ಹೆಸರು ಒಂದೇ ಅಷ್ಟೇ. ರೇಸಿನ ಕ್ಯಾಮ್ರಿಗೆ ಬಾಗಿಲು ತೆಗೆಯೋಕೆ ಬರಲ್ಲ, ಡ್ರೈವರ್ ಕಿಟಕಿಯಲ್ಲಿ ತೂರಿಕೊಂಡೇ ಒಳಗೆ ಇಳಿಯಬೇಕು. ಹೆಡ್‌ಲೈಟ್ ಬರೀ ಸ್ಟಿಕ್ಕರ್. ಒಳಗೆ ಕೂತಿರೋದು ವಿ8 ಇಂಜಿನ್. 1948ರಲ್ಲಿ ನಾಸ್ಕಾರ್ ಹುಟ್ಟಿಕೊಂಡ ಹೊಸತರಲ್ಲಿ ಶೋರೂಮಿನಿಂದ ತಂದ ಕಾರನ್ನೇ ಓಡಿಸುತ್ತಿದ್ದರು. ಓಡಿಸುತ್ತಿದ್ದವರಲ್ಲಿ ಕೆಲವರು ಕಳ್ಳಭಟ್ಟಿ ಸಾಗಿಸುತ್ತಾ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಕೈ ಪಳಗಿಸಿಕೊಂಡವರು. ಮಗ ಇದನ್ನು ಹೇಳಿದ್ದೇ ತಡ, ಮಾವನವರ ಮುಖದಲ್ಲಿ ಕಳೆ ಬಂತು. ಅವರು ಅಬಕಾರಿ ಆಫೀಸಿನಲ್ಲಿದ್ದು ರಿಟೈರ್ ಆದವರು. ಕೊನೆಯವರೆಗೂ ಕೂತು ನೋಡಿದರು. ಆಮೇಲೆ ಒಂದೇ ತಕರಾರು: "ಕಂಬಳದ ಕೋಣ ಆದ್ರೂ ಗದ್ದೆಯ ಆ ತುದಿ ಮುಟ್ಟುತ್ತೆ. ಇವರು ಇಷ್ಟು ಹೊತ್ತು ಓಡಿ ಹೊರಟಲ್ಲಿಗೇ ಬಂದ್ರಲ್ಲ!"

ತಕರಾರು ಮಾಡಿದರೂ ಹೋಗಿ ನೋಡಬೇಕು ಅಂದರು. ಅತ್ತೆ ಮಾತ್ರ "ಟಿವಿ ಸೌಂಡಿಗೇ ನಂಗೆ ತಲೆನೋವು, ನಾನು ಮನೇಲಿರ್ತೇನೆ" ಅಂದುಬಿಟ್ಟರು. ಇಡೀ ಯೋಜನೆಯಲ್ಲಿ ಒಂದೇ ನಿಮಿಷದಲ್ಲಿ ಆದ ತೀರ್ಮಾನ ಅದೊಂದೇ. ಯಾಕೆಂದರೆ ಅಷ್ಟರಲ್ಲಿ ನನ್ನ ಹೆಂಡತಿ ಇದೇ ರಾಜ್ಯದ ಕ್ಯಾರಿ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ "ನೀವೂ ಬನ್ನಿ" ಅಂದಾಗಿತ್ತು. ಅಕ್ಕ ಬರುವುದೆಂದರೆ ಭಾವನೂ ಬರುವುದು. ಭಾವ ಬರುವುದೆಂದರೆ ಜೊತೆಗೆ ಅವರ ಮೂರು ಹವಾಮಾನದ ಆ್ಯಪ್‌ಗಳೂ ಬರುವುದು.

ಷಡ್ಡಕರು ಒಳ್ಳೆಯ ಮನುಷ್ಯ. ಯಾರದೇ ಮನೆ ಬದಲಾಯಿಸುವುದಿರಲಿ, ಸೋಫಾ ಹೊರೋಕೆ ಮೊದಲು ನಿಲ್ಲುವವರು ಅವರೇ. ಆದರೆ ಮನೆಯಿಂದ ಹೊರಗೆ ನಡೆಯುವ ಯಾವ ಕಾರ್ಯಕ್ರಮವನ್ನೂ ಪರ್ಸೆಂಟ್ ನೋಡದೆ ಒಪ್ಪಿದವರಲ್ಲ. ಮೂರು ಆ್ಯಪಿನಲ್ಲಿ ಒಂದು 20 ಅಂದು, ಇನ್ನೊಂದು 30 ಅಂದು, ಮೂರನೆಯದು 60 ಅಂದರೆ ಅವರ ನಂಬಿಕೆ 60ರ ಮೇಲೆ. ನಮ್ಮ ಮಗನ ಹುಟ್ಟುಹಬ್ಬ ಒಮ್ಮೆ ಪಾರ್ಕಿನಿಂದ ಬೇಸ್‌ಮೆಂಟಿಗೆ ಇಳಿದದ್ದು ಇವರ ಮುನ್ಸೂಚನೆಯಿಂದಲೇ. ಆ ದಿನ ಹೊರಗೆ ಹಪ್ಪಳ ಒಣಗಿಸಬಹುದಾದಷ್ಟು ಬಿಸಿಲು.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಅವರ ಊರು ಬೇರೆ ಯಾವುದಾದರೂ ಆಗಿದ್ದರೆ. ನಮ್ಮ ಭಾವ ಹುಟ್ಟಿ ಬೆಳೆದದ್ದು ಆಗುಂಬೆಯಲ್ಲಿ ಸ್ವಾಮಿ, ಆಗುಂಬೆಯಲ್ಲಿ! ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಊರು. ಶಾರ್ಲೆಟ್‌ನ ಇಡೀ ವರ್ಷದ ಮಳೆ ಸುಮಾರು 1,100 ಮಿಲಿಮೀಟರ್. ಅಲ್ಲಿಂದ ಬಂದವರಿಗೆ ಇಲ್ಲಿನ 40% ನೋಡಿ ಎದೆ ಡವಡವ ಅಂತೆ.

"ನಾನು ಒದ್ದೆಯಾಗೋಕೆ ಹೆದರಲ್ಲ ಮಾರಾಯ. ದುಡ್ಡು ಒದ್ದೆಯಾಗಬಾರದು" ಅನ್ನುತ್ತಾರೆ.

ಸಿಟ್ಟು ಬರುವುದು ಇಲ್ಲಿಯೇ, ಏಕೆಂದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಕಾರುಗಳ ಟೈರು ನುಣ್ಣಗೆ ಇರುತ್ತವೆ, ಗೆರೆ ಇರುವುದಿಲ್ಲ. ತಿರುವಿನಲ್ಲಿ ಟ್ರ್ಯಾಕು 24 ಡಿಗ್ರಿ ವಾಲಿಕೊಂಡಿದೆ. ನಾಲ್ಕು ಹನಿ ಬಿದ್ದರೂ ರೇಸ್ ನಿಲ್ಲಿಸಲೇಬೇಕು. ಒಣಗಿಸುವ ಗಾಡಿಗಳು ಸುತ್ತು ಹಾಕಿ ಹಾಕಿ ಟ್ರ್ಯಾಕ್ ಒಣಗಿಸುವಷ್ಟರಲ್ಲಿ ಎರಡು ಗಂಟೆ ಹೋದರೂ ಹೋಯಿತು. ಅರ್ಧ ರೇಸ್ ಮುಗಿದ ಮೇಲೆ ಮಳೆ ಬಂತು, ನಿಲ್ಲಲೇ ಇಲ್ಲ ಅಂದರೆ ಆಗ ಯಾರು ಮುಂದಿದ್ದರೋ ಅವರೇ ಗೆದ್ದಂತೆ. 2024ರಲ್ಲಿ ಆದದ್ದು ಅದೇ. 249 ಸುತ್ತು ಆಗುವಷ್ಟರಲ್ಲಿ ಮಳೆ, ಕ್ರಿಸ್ಟೋಫರ್ ಬೆಲ್‌ಗೆ ಕಪ್, ಜನಕ್ಕೆ ಮನೆ ದಾರಿ.

ಆ ದಿನ ಪಾಪ ಕೈಲ್ ಲಾರ್ಸನ್ ಕಥೆ ಕೇಳಬೇಕು. ಮಧ್ಯಾಹ್ನ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿ, ರಾತ್ರಿ ಇಲ್ಲಿ 600 ಮೈಲಿ ಓಡಿಸುವುದು ಅವನ ಪ್ಲಾನು. ಅಲ್ಲಿ ಮಳೆಯಿಂದ ರೇಸ್ ಗಂಟೆಗಟ್ಟಲೆ ತಡವಾಯಿತು. ಅದನ್ನು ಮುಗಿಸಿ ಹಾರಿ ಬಂದು ಇಲ್ಲಿ ಇಳಿದರೆ ಇಲ್ಲಿಯೂ ಮಳೆ. ಅವನ ಕಾರನ್ನು ಬೇರೆಯವನು ಓಡಿಸುತ್ತಿದ್ದ. ಇವನಿಗೆ ಒಂದೇ ಒಂದು ಸುತ್ತೂ ಸಿಗಲಿಲ್ಲ. ಮರುವರ್ಷ ಮತ್ತೆ ಬಂದ, ಎರಡೂ ಕಡೆ ಗುದ್ದಿಕೊಂಡ. ಷಡ್ಡಕರಿಗೆ ಈ ಲಾರ್ಸನ್ ಮೇಲೆ ಎಲ್ಲಿಲ್ಲದ ಪ್ರೀತಿ. "ನೋಡು, ಖಾಸಗಿ ವಿಮಾನ ಇರೋನಿಗೇ ಹೀಗೆ. ನಾವು ಕ್ಯಾರಿಯಿಂದ ಎರಡೂವರೆ ಗಂಟೆ ಡ್ರೈವ್ ಮಾಡ್ಕೊಂಡು ಬರೋರು."

ಇನ್ನೊಂದು ವಿಡಿಯೋ ಕಳಿಸಿದರು. 2012ರ ಡೇಟೋನಾ 500. ಮಳೆಯಿಂದಾಗಿ ಭಾನುವಾರದ ರೇಸ್ ಸೋಮವಾರ ರಾತ್ರಿಗೆ ಹೋಗಿತ್ತು. ಹುವಾನ್ ಪಾಬ್ಲೊ ಮೊಂಟೊಯಾ ಕಾರು ಹೋಗಿ ಗುದ್ದಿದ್ದು ಯಾವುದಕ್ಕೆ? ಟ್ರ್ಯಾಕ್ ಒಣಗಿಸುವ ಜೆಟ್ ಇಂಜಿನ್ ಗಾಡಿಗೇ! ಇಂಧನ ಚೆಲ್ಲಿ ಬೆಂಕಿ ಎದ್ದಿತು. ಆರಿಸಿದ ಮೇಲೆ ಟ್ರ್ಯಾಕ್ ತೊಳೆದದ್ದು ಟೈಡ್ ಪುಡಿ ಹಾಕಿ. ಅತ್ತೆ ಈ ವಿಡಿಯೋವನ್ನು ಮಾತ್ರ ಆಸಕ್ತಿಯಿಂದ ನೋಡಿದರು. "ಅಷ್ಟು ಪುಡಿ ಸುರಿದ್ರೆ ನೊರೆ ಹೋಗೋದು ಯಾವಾಗ?" ಅಂದರು.

ಟಿಕೆಟ್ ಬುಕ್ ಮಾಡಿದ ರಾತ್ರಿಯ ವಿಷಯ ಹೇಳದಿದ್ದರೆ ನನ್ನ ಹೊಟ್ಟೆಯುರಿ ಕಮ್ಮಿಯಾಗಲ್ಲ. ಎಲ್ಲರೂ ವಿಡಿಯೋ ಕಾಲಿನಲ್ಲಿ ಕೂತು ಒಟ್ಟಿಗೇ ನೋಡಿ ಬುಕ್ ಮಾಡೋಣ ಅಂತ ಅಕ್ಕ ಹೇಳಿದ್ದರು. ಪಕ್ಕದ ಮನೆಯ ಅಜ್ಜ ಹಳೇ ರೇಸ್ ಹುಚ್ಚಿನವರು. ಕೆಳಗಿನ ಸಾಲು ತಗೋಬೇಡಿ, ಕಾರು ಝೂಂ ಅಂತ ಹೋಗೋದು ಬಿಟ್ಟು ಏನೂ ಕಾಣಲ್ಲ, ಆದಷ್ಟು ಮೇಲೆ ಹೋಗಿ ಅಂದಿದ್ದರು. ಹಾಗೇ ಮೇಲಿನ ಸಾಲಿನಲ್ಲಿ ಆರು ಸೀಟು ಒಟ್ಟಿಗೆ ಸಿಕ್ಕವು. ಒತ್ತಿದೆ. ಹತ್ತು ನಿಮಿಷ ಈ ಸೀಟು ನಿಮ್ಮದು, ಅಷ್ಟರಲ್ಲಿ ದುಡ್ಡು ಕಟ್ಟಿ ಅಂತ ಪರದೆ ಮೂಲೆಯಲ್ಲಿ ಗಡಿಯಾರ ಓಡತೊಡಗಿತು.

"ಒಂದ್ನಿಮಿಷ" ಅಂದರು ಭಾವ. ಅವರ ಸ್ಕ್ರೀನ್ ಶೇರ್ ಆಯಿತು. ರೇಡಾರ್ ನಕ್ಷೆ. "ಈ ಹಸಿರು ಕಾಣ್ತಾ? ಇದು ಟೆನೆಸ್ಸಿ ಮೇಲಿದೆ. ಬೆಟ್ಟ ದಾಟುವಾಗ ಒಡೆದು ಹೋಗಬಹುದು. ಹೋಗದೇನೂ ಇರಬಹುದು."

ಎಂಟು ನಿಮಿಷ ಉಳಿದಿತ್ತು. "ಭಾವ, ರೇಸಿಗೆ ಇನ್ನೂ ವಾರದ ಮೇಲಿದೆ. ಇದು ಇವತ್ತಿನ ಮೋಡ" ಅಂದೆ.

"ಇವತ್ತಿನದ್ದು ನೋಡಿದ್ರೆ ತಾನೇ ಅದರ ನಡತೆ ಗೊತ್ತಾಗೋದು?"

ಅಷ್ಟರಲ್ಲಿ ಮಾವನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. "ಇದು ಘಟ್ಟ ಹತ್ತಿ ಬರೋ ಮೋಡವಾ?" ಮುಗಿಯಿತು. ಒಬ್ಬರು ಕುಂದಾಪುರ, ಒಬ್ಬರು ಆಗುಂಬೆ. ಇವರ ಕಡಲಿನಿಂದ ಎದ್ದ ಮೋಡವೇ ಅವರ ಊರಿನಲ್ಲಿ ಸುರಿಯುವುದು. ಮಾವ-ಅಳಿಯ ಇಬ್ಬರೂ ಅಪಲಾಚಿಯನ್ ಬೆಟ್ಟ ಬಿಟ್ಟು ಸೋಮೇಶ್ವರದ ಹತ್ತಿರ ಬಂದರು. ಐದು ನಿಮಿಷ. ಮಗ ಪಕ್ಕದಲ್ಲಿ ನಿಂತು "ಅಪ್ಪಾ, ಫೋರ್ ಮಿನಿಟ್ಸ್" ಅಂತ ಕೂಗುತ್ತಿದ್ದ. ಭಾವ ನಕ್ಷೆಯ ಮೇಲೆ ಬಾಣ ಆಡಿಸುತ್ತಾ ಕೈ ತಿರುಗಿಸುತ್ತಾ ಏನೋ ವಿವರಿಸುತ್ತಿದ್ದರು. ತುಟಿ ಆಡುತ್ತಿತ್ತು, ಸದ್ದಿಲ್ಲ.

"ಭಾವ, ಮ್ಯೂಟಲ್ಲಿದ್ದೀರಿ!" ನನ್ನ ಹೆಂಡತಿ ಕಿರುಚಿದಳು.

ಅವರು ಮ್ಯೂಟ್ ತೆಗೆದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಮೊದಲಿನಿಂದ ಶುರುಮಾಡಿದರು.

"ಈ ಹಸಿರು ಕಾಣ್ತಾ?"

ಗಡಿಯಾರ ಸೊನ್ನೆಗೆ ಬಂತು. ಆರು ಸೀಟು ಹೋದವು. ಪುಟ ಮತ್ತೆ ತೆರೆಯುವಷ್ಟರಲ್ಲಿ ಅವು ಇನ್ಯಾರದೋ ಪಾಲಾಗಿದ್ದವು. ಆ ಇನ್ಯಾರಿಗೋ ಟೆನೆಸ್ಸಿ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ, ಪುಣ್ಯವಂತ.

ಸೀಟು ಹೋದ ಮೇಲೂ ಆ ಕಾಲ್ ಮುಗಿಯಲಿಲ್ಲ. ಭಾವ ಸ್ಕೂಲಿಗೆ ಹೋಗುತ್ತಿದ್ದ ಕಾಲ ಹೇಳುತ್ತಾ ಕೂತರು. ತಲೆ ಮೇಲೆ ಗೊರಬು, ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ, ಬಚ್ಚಲ ಒಲೆ ಮುಂದೆ ಹರಡಿದ ಅಂಗಿ ಬೆಳಿಗ್ಗೆ ಹಾಕಿಕೊಂಡರೆ ಹೊಗೆ ವಾಸನೆ. ಆಗ ಮಳೆಗೆ ಪರ್ಸೆಂಟ್ ಇರಲಿಲ್ಲ, ಹೆಸರಿತ್ತು. ಆರಿದ್ರೆ, ಪುನರ್ವಸು, ಪುಷ್ಯ. ಬರುತ್ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಮಳೆ ಬಂತು ಅಂತ ಮದುವೆ ನಿಂತದ್ದಿಲ್ಲ, ಪಂಕ್ತಿ ಊಟ ನಿಂತದ್ದಿಲ್ಲ. ಮಾವನವರು ಹೂಂ ಹೂಂ ಅನ್ನುತ್ತಾ ಕೇಳಿದರು. "ಅಲ್ಲಿ ಒಂದು ದಿನ ಹಾಳಾದ್ರೆ ನಾಳೆ ಅಂತ ಇತ್ತು" ಅಂದರು ಭಾವ. "ಇಲ್ಲಿ ನಂಗಿರೋದು ವಾರಕ್ಕೊಂದು ಭಾನುವಾರ." ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅಷ್ಟು ಹೇಳಿ ಅವರು ರೇಡಾರ್ ಇನ್ನೊಮ್ಮೆ ರಿಫ್ರೆಶ್ ಮಾಡಿದರು ನೋಡಿ, ಮತ್ತೆ ಉರಿ ಹತ್ತಿತು.

ಮರುದಿನ ಯಾರನ್ನೂ ಕೇಳದೆ ಟಿಕೆಟ್ ತಗೊಂಡೆ. ಆರು ಒಟ್ಟಿಗೆ ಸಿಗಲಿಲ್ಲ. ನಾಲ್ಕು ಒಂದು ಕಡೆ, ಎರಡು ಇನ್ನೊಂದು ಕಡೆ. ಗ್ರೂಪಿನಲ್ಲಿ ಹಾಕಿದೆ. ಷಡ್ಡಕರ ಉತ್ತರ ತಕ್ಷಣ ಬಂತು: "ಮೇಲೆ ಚಾವಣಿ ಇದೆಯಾ?"

ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಒಬ್ಬೊಬ್ಬರು ಒಂದೊಂದು ಮೆತ್ತನೆ ಕೂಲರ್ ಒಯ್ಯಬಹುದು, ಆದರೆ ಯಾವ ಕಡೆಯೂ 14 ಇಂಚು ಮೀರಬಾರದು. ಅಕ್ಕ ಟಿಫನ್ ಕ್ಯಾರಿಯರ್ ಪಕ್ಕ ಟೇಪ್ ಹಿಡಿದ ಫೋಟೋ ಕಳಿಸಿದ್ದಾರೆ. ಗಾಜು ಬೇಡ ಅಂತ ಇದೆ, ಹಾಗಾಗಿ ಮಾವಿನಮಿಡಿ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ವರ್ಗವಾಗಿದೆ. ಚಿತ್ರಾನ್ನ ಅಕ್ಕನದ್ದು, ಮೊಸರನ್ನ ನಮ್ಮದು. ಮಗನಿಗೆ ರಾಸ್ ಚಾಸ್ಟೇನ್ ಗೆಲ್ಲಬೇಕು. ಕಲ್ಲಂಗಡಿ ಬೆಳೆಯುವ ಮನೆತನದವನು, ಗೆದ್ದರೆ ಕಾರಿನ ಮೇಲೆ ಹತ್ತಿ ಕಲ್ಲಂಗಡಿ ನೆಲಕ್ಕೆ ಅಪ್ಪಳಿಸುತ್ತಾನೆ. 2025ರಲ್ಲಿ ಇದೇ ರೇಸಿನಲ್ಲಿ ಎಲ್ಲರಿಗಿಂತ ಹಿಂದಿನಿಂದ ಹೊರಟು ಗೆದ್ದವನು. "ಹಣ್ಣು ಹಾಳು" ಅನ್ನುವುದು ಅತ್ತೆಯ ಅಭಿಪ್ರಾಯ. ಪಕ್ಕದ ಮನೆ ಅಜ್ಜ ಹೇಳಿದಂತೆ ಇಯರ್‌ಪ್ಲಗ್ ತಂದಿಟ್ಟಿದ್ದೇವೆ. ನಲವತ್ತರ ಹತ್ತಿರ ಕಾರು ಒಟ್ಟಿಗೆ ಮುಂದೆ ಹಾದುಹೋಗುವಾಗ ಮಾತಾಡಿದ್ದು ಪಕ್ಕದವರಿಗೂ ಕೇಳಲ್ಲವಂತೆ. ಇಡೀ ಏರ್ಪಾಡಿನಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇದು.

ಒಂದೇ ಪ್ರಶ್ನೆ ಉಳಿದಿತ್ತು. ಆ ಎರಡು ಬೇರೆ ಸೀಟಿನಲ್ಲಿ ಯಾರು ಕೂರೋದು? ಒಂದು ಭಾವನಿಗೆ ಅಂತ ಎಲ್ಲರೂ ಒಪ್ಪಿದರು. ಇನ್ನೊಂದಕ್ಕೆ ಜನ ಸಿಗಲಿಲ್ಲ. ಅಕ್ಕ "ನಾನು ದಿನಾ ಕೇಳ್ತೀನಲ್ಲ" ಅಂದರು. ಹೆಂಡತಿ ಮಗನನ್ನು ತೋರಿಸಿದಳು, ಮಗ ನನ್ನನ್ನು ತೋರಿಸಿದ. ಕೊನೆಗೆ ಮಾವನವರೇ "ನಾನು ಕೂರ್ತೇನೆ, ಪಾಪ" ಅಂದರು. ದೊಡ್ಡ ಮನಸ್ಸು.

ಇಯರ್‌ಪ್ಲಗ್ ಮಾತ್ರ ಮನೆಯಿಂದಲೇ ಹಾಕಿಕೊಂಡು ಹೊರಡುತ್ತಾರಂತೆ.