ಗಂಟೆ ಎಷ್ಟು ಅಂತ ಮಾತ್ರ ಕೇಳಬೇಡಿ

ಇವತ್ತೂ ಕೇಳಿಯೇಬಿಟ್ಟರು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಟೈಮ್ ಕಾಣುತ್ತದೆ, ಅವರ ಕೈಯಲ್ಲಿ ವಾಚಿದೆ, ಹಿಂದಿನ ಗೋಡೆಯ ಮೇಲೂ ಒಂದು ಗಡಿಯಾರವಿದೆ. ಆದರೂ ಆನ್‌ಲೈನ್‌ನಲ್ಲಿ ಕೊರಿಯನ್ ಭಾಷೆ ಕಲಿಸುವ ನಮ್ಮ ಮೇಡಂ ಸೋಲ್‌ನಲ್ಲಿ ಕೂತು, ನಗುನಗುತ್ತಾ, ಬೆಂಗಳೂರಿನ ನನ್ನನ್ನೇ ಕೇಳಬೇಕು: ಈಗ ಗಂಟೆ ಎಷ್ಟು?

ಕೊರಿಯನ್ನರಿಗೆ ಅಂಕಿಗಳು ಎರಡು ಸೆಟ್. ಹಾನಾ, ತುಲ್, ಸೇತ್ ಅವರ ಸ್ವಂತದ್ದು. ಇಲ್, ಇ, ಸಾಮ್ ಚೀನಾ ಕಡೆಯಿಂದ ಬಂದದ್ದು. ಇರಲಿ ಬಿಡಿ. ಆದರೆ ಟೈಮ್ ಹೇಳುವಾಗ ಗಂಟೆಗೆ ಮೊದಲ ಸೆಟ್, ನಿಮಿಷಕ್ಕೆ ಎರಡನೇ ಸೆಟ್! ಅತ್ತೆ ಸೊಸೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ.

ನಾನೇನೂ ಸುಮ್ನೆ ಕೂತಿಲ್ಲ. ಒಂದೇ ವಿಧಾನ ಸಾಲದು, ನಾಲ್ಕೈದು ಬೆರೆಸಿ ಅಂತ ತಿಳಿದವರೆಲ್ಲ ಹೇಳುತ್ತಾರಲ್ವಾ? ಬೆರೆಸಿದೆ. ಬಸ್ಸಿನಲ್ಲಿ ಫ್ಲ್ಯಾಶ್‌ಕಾರ್ಡ್ ಆ್ಯಪ್. ಅದು ಕಲಿಸಿದ್ದು ಹಾನಾ, ತುಲ್. ಅಡುಗೆ ಮಾಡುವಾಗ ಪಾಡ್‌ಕಾಸ್ಟ್. ಅದರಲ್ಲಿ ಬರೀ ದುಡ್ಡು, ಫೋನ್ ನಂಬರ್, ಅಂದರೆ ಇಲ್, ಇ, ಸಾಮ್. ಪುಸ್ತಕದಲ್ಲಿ ಎರಡೂ ಇವೆ, ಬೇರೆ ಬೇರೆ ಪಾಠದಲ್ಲಿ. ರಾತ್ರಿ ಕೆ-ಡ್ರಾಮಾ. ಅಲ್ಲಿ ಯಾರೂ ಟೈಮ್ ಕೇಳುವುದಿಲ್ಲ, 'ಪಲ್ಲಿ, ಪಲ್ಲಿ' ಅಂತ ಅವಸರ ಮಾಡುತ್ತಾರೆ ಅಷ್ಟೇ. ಮರ್ಯಾದೆಯ ಕಥೆಯೂ ಇದೇ. ಪುಸ್ತಕದ್ದು ವಾರ್ತೆ ಓದುವವರ ಭಾಷೆ, ಡ್ರಾಮಾದ್ದು ಏಕವಚನ. ಎರಡೂ ಬೆರೆತು ಮೇಡಂಗೆ ಮೊದಲ ವಾಕ್ಯದಲ್ಲಿ 'ತಾವು', ಎರಡನೆಯದರಲ್ಲಿ 'ಏನೇ'.

ಲಿಪಿಯ ಬಗ್ಗೆ ತಕರಾರಿಲ್ಲ. ಸೇಜೊಂಗ್ ರಾಜ 1446ರಲ್ಲಿ ಜನರಿಗೆ ಕೊಟ್ಟದ್ದು, ಈಗಿರುವ ಮೂಲಾಕ್ಷರ 24. ಒತ್ತಕ್ಷರ ತೀಡಿ ಬೆಳೆದ ನಮಗೆ ಅದೇನು ಮಹಾ. ಕ್ರಿಯಾಪದವೂ ನಮ್ಮ ಹಾಗೇ ಕೊನೆಗೇ ಬರುತ್ತದೆ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟು ಗಡಿಯಾರದಲ್ಲಿ ಕೈ ಕೊಟ್ಟರಲ್ಲ!

ಸಾಲದ್ದಕ್ಕೆ ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಏಳೂಕಾಲು, ಅಲ್ಲಿ ಹತ್ತೂಮುಕ್ಕಾಲು. ಯಾರ ಟೈಮ್ ಹೇಳಲಿ? 'ಸೋಲ್‌ನದ್ದೇ ಹೇಳಿ' ಅಂದರು ಮೇಡಂ. ನಮ್ಮ ಕಾಲು, ಮುಕ್ಕಾಲು ಅಲ್ಲಿ ನಡೆಯುವುದಿಲ್ಲ, ನಲವತ್ತೈದು ಅಂತಲೇ ಹೇಳಬೇಕು. ಹತ್ತಕ್ಕೆ 'ಯೊಲ್' ಹುಡುಕಿ, ಸೆಟ್ ಬದಲಿಸಿ, ನಲವತ್ತೈದು ಜೋಡಿಸುವಷ್ಟರಲ್ಲಿ ಗಡಿಯಾರ ನಲವತ್ತಾರಕ್ಕೆ ಹೋಯಿತು. ಮತ್ತೆ ಶುರು. ಮೇಡಂ ತಾಳ್ಮೆಯಿಂದ ತಲೆಯಾಡಿಸಿದರು. ನಲವತ್ತೇಳು. ಆ ತಾಳ್ಮೆ ಕಂಡರೇ ನನಗೆ ಜಾಸ್ತಿ ಸಿಟ್ಟು. ನಲವತ್ತೆಂಟು.

ಚಿಕ್ಕವಳಿದ್ದಾಗ ವಠಾರದಲ್ಲಿ ಕುಂಟೆಬಿಲ್ಲೆ ಆಡುತ್ತಲೇ ತಮಿಳು, ತೆಲುಗು ಬಂದುಬಿಟ್ಟಿದ್ದವು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ತಪ್ಪಿದರೆ ಗೆಳತಿಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆಟ ನಡೆಯುತ್ತಲೇ ಇತ್ತು. ಈಗ ಆ ವಠಾರವೂ ಇಲ್ಲ.

ಮುಂದಿನ ಪಾಠ ವಯಸ್ಸು ಹೇಳುವುದಂತೆ. ಹುಟ್ಟಿದ ಮಗುವಿಗೆ ಆಗಲೇ ಒಂದು ವರ್ಷ ಅಂತ ಎಣಿಸುತ್ತಿದ್ದ ಜನ ಅವರು. ಆ ಗೊಂದಲ ಸಾಕು ಅಂತ 2023ರ ಜೂನ್‌ನಲ್ಲಿ ಕಾನೂನು ಜಾರಿ ಮಾಡಿ, ಇಡೀ ದಕ್ಷಿಣ ಕೊರಿಯಾವನ್ನೇ ಒಂದೆರಡು ವರ್ಷ ಚಿಕ್ಕದು ಮಾಡಿಬಿಟ್ಟರು. ಅದರ ಜೊತೆಗೇ ಗಡಿಯಾರಕ್ಕೂ ಒಂದು ತಿದ್ದುಪಡಿ ತರಬಾರದಿತ್ತಾ?